ಒಂದೇ ಉದಾಹರಣೆ

"ಗುರುಗಳೇ, 'ಸು' ಎಂಬ ಉಪಸರ್ಗಕ್ಕೆ ಈ ಗ್ರಂಥದಲ್ಲಿ ಸಂಸ್ಕೃತದಿಂದ ನೂರು ಉದಾಹರಣೆಗಳಿವೆ. ಬೆಟ್ಟದ ಜನರ ಮಾತಿನಿಂದ ಮಾತ್ರ ಒಂದೇ ಒಂದು. ಇನ್ನೊಂದಾದರೂ ಬೇಡವೇ?" ಎಂದು ಶಿಷ್ಯ ಕೇಳಿದ.

ಗುರು ಗ್ರಂಥವನ್ನು ಮುಚ್ಚಿಟ್ಟು ಹೇಳತೊಡಗಿದರು.

ಒಬ್ಬ ಪಂಡಿತನಿದ್ದ. ಈ ಒಂದು ಉಪಸರ್ಗದ ಬೆನ್ನು ಹತ್ತಿ ಅರ್ಧ ಆಯುಸ್ಸು ಕಳೆದವನು. ಸಂಸ್ಕೃತದಲ್ಲಿ 'ಸು' ಎಂದರೆ ಒಳ್ಳೆಯದು. ಸುದಿನ, ಸುಮತಿ ಎನ್ನುತ್ತೇವೆ. ಪಾರಸಿಕರ ಹಳೆಯ ಮಾತಿನಲ್ಲಿ ಅದು 'ಹು' ಆಗಿದೆ, ಅರ್ಥ ಬದಲಾಗಿಲ್ಲ. ಬೆಟ್ಟದ ಜನರೂ ಹೆಸರಿನ ಮೊದಲಿಗೆ 'ಸು' ಸೇರಿಸುತ್ತಾರೆಂದು ಯಾರೋ ಹೇಳಿದ್ದೇ ತಡ, ಪಂಡಿತ ಹೊರಟೇಬಿಟ್ಟ.

ಆ ಬೆಟ್ಟದವನೇ ಆದ ಕೇತನೆಂಬವನು ಅವನ ಪುಸ್ತಕದ ಗಂಟು ಹೊತ್ತು ಬೆಟ್ಟ ಹತ್ತಿಸಿದ. ತನ್ನ ಮನೆಯಲ್ಲೇ ಇಳಿಸಿಕೊಂಡ. ಕೇತನ ತಾಯಿ ಬಿಸಿ ಅಂಬಲಿ ಕೊಟ್ಟಳು. ಪಂಡಿತ ಕೇಳಿದ್ದಕ್ಕೆ ಮರೆಮಾಚದೆ ಉತ್ತರ ಹೇಳಿದಳು.

"ಅದು ಸತ್ತವರ ಹೆಸರಿಗೆ ಮಾತ್ರ ಅಯ್ಯಾ. ಬದುಕಿರೋರ ಹೆಸರಿಗೆ ಅದು ಸೇರಿ ಮನೆಯೊಳಗೆ ಯಾರ ಬಾಯಿಂದ ಬಂದರೂ ಮುಗೀತು, ಆ ಹೆಸರಿನವರು ಸತ್ತಂಗೆ. ಆಮೇಲೆ ಅವರಿಗೆ ಅನ್ನ ಇಕ್ಕೋದಿಲ್ಲ, ಅವರನ್ನ ಕರೆಯೋದಿಲ್ಲ."

ಪಂಡಿತ ಹಿಗ್ಗಿಹೋದ. ಇಂಥ ಅರ್ಥ ಬೇರೆಲ್ಲೂ ಸಿಕ್ಕಿರಲಿಲ್ಲ. ಉದಾಹರಣೆಗೆ ಒಂದು ಹೆಸರು ಕೇಳಿದ. ತಮ್ಮ ಸತ್ತವರ ಹೆಸರನ್ನು ಹೊರಗಿನವರಿಗೆ ಹೇಳುವ ಪದ್ಧತಿ ಇಲ್ಲವೆಂದು ಅವಳು ತಲೆಯಾಡಿಸಿದಳು. ಪಂಡಿತನಿಗೆ ಆ ಮನೆಯಲ್ಲಿ ಗೊತ್ತಿದ್ದದ್ದು ಒಂದೇ ಹೆಸರು. ಅರ್ಥ ತಿಳಿದೂ, ಹೇಗೆ ಕೇಳಿಸುತ್ತದೆ ನೋಡೋಣವೆಂದು, ಆ ಮಹಾಶಯ ಗಟ್ಟಿಯಾಗಿಯೇ ಅಂದ:

"ಸುಕೇತ."

ಕೇತ ಆಗ ಊಟಕ್ಕೆ ಕೂತಿದ್ದ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಅವನ ಹೆಂಡತಿ ತಟ್ಟೆ ಎತ್ತಿಕೊಂಡಳು. ತಾಯಿ ಒಲೆಗೆ ನೀರು ಸುರಿದಳು. ಕೇತ ಎದ್ದು ಹೊರಗೆ ನಡೆದ. ಅವನ ಇಬ್ಬರು ಮಕ್ಕಳು ಅಂಗಳದಲ್ಲೇ ಇದ್ದರು; ಅಜ್ಜಿ ಅವರ ಮುಖವನ್ನು ಗೋಡೆಗೆ ತಿರುಗಿಸಿದಳು.

ಪಂಡಿತ ಕೈಮುಗಿದ. "ತಾಯೀ, ಅದು ಬರೀ ಒಂದು ಅಕ್ಷರ! ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ."

"ನಿಮ್ಮ ಮಾತು ನೀವು ತಗೊಳ್ಳಿ ಅಯ್ಯಾ," ಎಂದಳು ಅವಳು. "ನಾನು ಯಾರನ್ನ ತಗೊಳ್ಳಲಿ?"

ಕೇತ ಆ ಬೆಟ್ಟಕ್ಕೆ ಮತ್ತೆ ಬರಲಿಲ್ಲ. ಪಂಡಿತ ಊರಿಗೆ ಮರಳಿ, ಆ ಒಂದೇ ಹೆಸರು ಬರೆದು ಈ ಗ್ರಂಥ ಮುಗಿಸಿದ.

ಗುರು ಗ್ರಂಥದ ಆ ಪುಟವನ್ನು ತೆರೆದು, ಲೇಖನಿಯ ಜೊತೆ ಶಿಷ್ಯನ ಮುಂದಿಟ್ಟರು.

"ಎರಡನೆಯ ಉದಾಹರಣೆ ಬೇಕೆಂದೆಯಲ್ಲ, ನಿನ್ನ ಮನೆಯವರಲ್ಲಿ ಯಾರ ಹೆಸರು ಬರೆಯುತ್ತೀ?"