ಊರಿಗೆ ಹೋಗಿ ತಿಳಿಸುತ್ತೇವೆ

ವಿಮಾನ ಪ್ರದರ್ಶನದ ಕೊನೆಯ ದಿನ. ಚೀನಾದ ಯುದ್ಧವಿಮಾನವೊಂದು, ಹೆಣ್ಣು ನೋಡುವ ಶಾಸ್ತ್ರಕ್ಕೆ ಸಿಂಗರಿಸಿಕೊಂಡ ಹುಡುಗಿಯಂತೆ, ಬಿಸಿಲಿನಲ್ಲಿ ನಿಂತಿತ್ತು. ಇಂದೂ ಯಾರೂ ಒಪ್ಪದಿದ್ದರೆ ಬಂದ ದಾರಿಯಲ್ಲೇ ಮರಳಬೇಕು.

ತೋಳಗಳ ಕಾಟಕ್ಕೆ ಬೇಸತ್ತಿದ್ದ ಜಿಂಕೆರಾಯರು ಬಂದರು. ಸುತ್ತಲೂ ನಡೆದು ನೋಡಿ, "ಲಕ್ಷಣವಾಗಿದ್ದೀರಿ. ಇದುವರೆಗೆ ಎಲ್ಲಾದರೂ ಯುದ್ಧ ಮಾಡಿದ್ದುಂಟೆ?" ಎಂದರು.

"ಯಾರಾದರೂ ಕೊಂಡರೆ ತಾನೇ ಯುದ್ಧ ಮಾಡುವುದು?"

"ಯುದ್ಧ ಮಾಡಿದ್ದರೆ ತಾನೇ ಕೊಳ್ಳುವುದು? ಇರಲಿ. ಎಂಜಿನ್ ತವರಿನದೇನಾ?"

"ಕರಡಿಯ ಮನೆಯದು. ತವರಿನದೂ ತಯಾರಾಗುತ್ತಿದೆ."

"ಅಂದರೆ ರಿಪೇರಿಗೆ ಕರಡಿಯನ್ನೂ ಓಲೈಸಬೇಕು. ನಿಮ್ಮನ್ನು ಮನೆ ತುಂಬಿಸಿಕೊಂಡರೆ, ಇಲ್ಲೇ ವಿಮಾನದ ಮಳಿಗೆ ಹಾಕಿರುವ ಹದ್ದು ಮುನಿಸಿಕೊಳ್ಳುತ್ತದೆ, ಅದು ಬೇರೆ." ಜಿಂಕೆರಾಯರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. "ಊರಿಗೆ ಹೋಗಿ ತಿಳಿಸುತ್ತೇವೆ" ಎಂದು ಹೊರಟರು.

ಸಂಜೆ ರನ್‌ವೇ ಪಕ್ಕದ ಟಿಟ್ಟಿಭ ಹಕ್ಕಿ ಹಾರಿಬಂದು ರೆಕ್ಕೆಯ ಮೇಲೆ ಕೂತಿತು. "ಅಕ್ಕಾ, ರಾಯರು ಊರಿಗೆ ಹೋಗಲೇ ಇಲ್ಲ. ನೆಟ್ಟಗೆ ಹದ್ದಿನ ಮಳಿಗೆಗೆ ಹೋಗಿ ನಿನ್ನ ಫೋಟೊ ತೋರಿಸಿದರು. ಹದ್ದು ಆಗಲೇ ದರ ಇಳಿಸಿತು. ವ್ಯಾಪಾರ ಕುದುರಿತು."

ವಿಮಾನಕ್ಕೆ ಮೈಯೆಲ್ಲ ಉರಿಯಿತು. ಏನಾದರೂ ಹೇಳುವಷ್ಟರಲ್ಲಿ ಕಡವೆಯೊಂದು ಬಂದು ಕೈಮುಗಿಯಿತು.

"ನಮಸ್ಕಾರ. ಲಕ್ಷಣವಾಗಿದ್ದೀರಿ. ಇದುವರೆಗೆ ಎಲ್ಲಾದರೂ..."

"ಮೊದಲು ಫೋಟೊ ತೆಗೆಸಿಕೊಳ್ಳಿ" ಎಂದಿತು ವಿಮಾನ. "ಹದ್ದಿನ ಮಳಿಗೆ ಎಡಗಡೆ ಮೂರನೆಯದು. ಬಾಗಿಲು ಹಾಕುವುದರೊಳಗೆ ಹೋಗಿ."