ಗಣಿಯ ಹೆಸರಿನ ಬೆಳ್ಳಿ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಮಠದಲ್ಲಿ ದಿನವೂ ಊಟಕ್ಕೆ ಮುಂಚೆ ಆ ದಿನದ ದಾನಿಯ ಹೆಸರನ್ನು ನಾನೇ ಕೂಗಿ ಹೇಳುತ್ತೇನೆ. ಎಲ್ಲರೂ ಕೈಮುಗಿಯುತ್ತೇವೆ. ಉಂಡ ಅನ್ನಕ್ಕೆ ಇಷ್ಟು ಕೃತಜ್ಞತೆ ಸಾಲದೆ?”

ಗುರುಗಳು ಒಂದು ಕತೆ ಹೇಳಿದರು.

“ಜರ್ಮನಿ ಒಂದೇ ದೇಶವಾಗುವ ಮೊದಲು ಅಲ್ಲಿ ಹೆಜ್ಜೆಗೊಬ್ಬ ದೊರೆ. ಬೆಳ್ಳಿ ನಾಣ್ಯದ ಮೇಲೆ ಅವನ ಮುಖ. ಕೆಲವು ನಾಣ್ಯಗಳ ಹಿಂಬದಿಯಲ್ಲಿ ಮಾತ್ರ ಬೆಳ್ಳಿ ಕೊಟ್ಟ ಗಣಿಯ ಹೆಸರು ಹಾಕಿ, ‘ಇದು ಈ ಗಣಿಯ ಪ್ರಸಾದ’ ಎಂಬ ಅರ್ಥದ ಮಾತು ಬರೆಸುತ್ತಿದ್ದರು. ಬರೆಸಿದವನು ಯಾರೋ, ಪುಣ್ಯಾತ್ಮ.

ಅಂಥ ನಾಣ್ಯವೊಂದು ಒಬ್ಬ ವ್ಯಾಪಾರಿಯ ಚೀಲದಲ್ಲಿತ್ತು. ಅವನು ದೊರೆಯ ಮುಖವನ್ನು ಎಂದೂ ಕೆಳಗೆ ಮಾಡಿ ಇಟ್ಟವನಲ್ಲ. ಹಾಗಿಟ್ಟರೆ ದೊರೆಗೆ ಅವಮಾನವೆಂದು ಅವನ ನಂಬಿಕೆ. ಹಾಗಾಗಿ ಹಿಂಬದಿಯನ್ನು ಓದಿಯೂ ಇರಲಿಲ್ಲ.

ಒಮ್ಮೆ ಜ್ವರ ಬಂದ ಮಗಳನ್ನು ಎತ್ತಿಕೊಂಡು ಅವನು ಗಡಿಯಾಚೆ ಸಿಕ್ಕಿಕೊಂಡ. ಹಿಮ ಬೀಳುತ್ತಿತ್ತು. ಬಯಲಲ್ಲೇ ಉಳಿದರೆ ಮಗು ಬೆಳಗು ಕಾಣುವುದು ಅನುಮಾನ. ಆ ಎರಡು ರಾಜ್ಯಗಳಿಗೋ ಆಗ ಎಣ್ಣೆ ಸೀಗೆಕಾಯಿ. ದಾರಿಯಲ್ಲಿದ್ದ ಒಂದೇ ತಂಗುಮನೆಯ ಮುದುಕಿ ನಾಣ್ಯ ನೋಡಿ, ‘ಈ ಮುಖ ನನ್ನ ಹೊಸಿಲು ದಾಟಕೂಡದು’ ಎಂದಳು.

ಹಿಂದಕ್ಕೆ ಕೊಡುವಾಗ ನಾಣ್ಯ ಕೈಜಾರಿ ಮಗುಚಿ ಬಿತ್ತು. ದೊರೆಯ ಮುಖ ಮೇಲೆ ಮಾಡಲು ವ್ಯಾಪಾರಿ ಗಾಬರಿಯಿಂದ ಬಾಗಿದ. ಮುದುಕಿ ಅವನ ಕೈ ತಡೆದಳು. ಗಣಿಯ ಹೆಸರು ಓದಿ ಅತ್ತಳು.

‘ನನ್ನ ಗಂಡ ಗಡಿ ದಾಟಿ ಹೋಗಿ ಈ ಗಣಿಗೇ ಇಳಿಯುತ್ತಿದ್ದ. ಒಂದು ದಿನ ಮೇಲೆ ಬರಲಿಲ್ಲ. ಅವನ ದುಡಿಮೆ ಇವತ್ತು ಬಾಗಿಲಿಗೆ ಬಂದಿದೆ, ಹೊರಗೆ ನಿಲ್ಲಿಸಲೇ? ಮಗುವನ್ನು ಒಳಗೆ ತಾ.’

ಬೆಳಗಿನ ಹೊತ್ತಿಗೆ ಜ್ವರ ಇಳಿದಿತ್ತು. ಮುದುಕಿ ನಾಣ್ಯವನ್ನು ತೆಗೆದುಕೊಳ್ಳಲಿಲ್ಲ. ವ್ಯಾಪಾರಿ ಹಿಂಬದಿಯ ಅಕ್ಷರಗಳನ್ನು ಕಣ್ಣಿಗೊತ್ತಿಕೊಂಡ. ಆ ದೇಶದಲ್ಲಿ ಅಂಥ ರೂಢಿ ಉಂಟೋ ಇಲ್ಲವೋ ನಾನರಿಯೆ. ನನ್ನ ಕತೆಯಲ್ಲಿ ಒತ್ತಿಕೊಂಡ. ಮಗಳನ್ನು ಉಳಿಸಿಕೊಟ್ಟ ಆ ಗಣಿಯಾಳಿನ ಹೆಸರನ್ನು ಮುದುಕಿಯಿಂದ ಕೇಳಿ ತಿಳಿದುಕೊಂಡ. ಬದುಕಿರುವವರೆಗೂ ಊಟಕ್ಕೆ ಕೂತಾಗ ಮೊದಲು ಆ ಹೆಸರು ಹೇಳಿ, ಆಮೇಲೆ ಉಂಡ.”

ಶಿಷ್ಯನ ಕಣ್ಣು ತುಂಬಿತ್ತು. “ನಾನೂ ಹಾಗೇ ನೆನೆಯುತ್ತೇನೆ, ಗುರುಗಳೇ” ಎಂದ.

ಗುರುಗಳು ಕೇಳಿದರು: “ಇವತ್ತಿನ ಅನ್ನ ಬೇಯಿಸಿದವಳ ಹೆಸರೇನಪ್ಪ?”