ಸವೆಯದ ರೆಕಾರ್ಡು

ದೊಡ್ಡ ಸ್ವಾಮಿಗಳು ತಮ್ಮ ಗುರುವಿನ ಉಪದೇಶದ ರೆಕಾರ್ಡನ್ನು ನಲವತ್ತು ವರ್ಷ, ಪ್ರತಿ ಬೆಳಗಿನ ಜಾವ, ಹೊಳೆ ದಂಡೆಯ ಕುಟೀರದಲ್ಲಿ ಬಾಗಿಲು ಹಾಕಿಕೊಂಡು ಕೇಳಿದರೆಂದೂ, ಆದರೂ ಅದು ಎಳ್ಳಷ್ಟೂ ಸವೆಯಲಿಲ್ಲವೆಂದೂ ಆಗ ಎಲ್ಲರೂ ನಂಬಿದ್ದರು.

ಅವರು ತೀರಿಕೊಂಡ ಮೇಲೆ ರೆಕಾರ್ಡು ಗಾಜಿನ ಪೆಟ್ಟಿಗೆ ಸೇರಿತು. ಉಪದೇಶದ ಬದಿ ಮೇಲೆ. ಗುರುವಾಣಿಯನ್ನು ಬೋರಲು ಹಾಕಬಾರದು ಎಂಬುದು ಆಶ್ರಮದ ಪದ್ಧತಿ. ಧೂಳು ಒರೆಸುವವರೂ ಮೇಲಿನ ಬದಿಯನ್ನಷ್ಟೇ ಒರೆಸುತ್ತಿದ್ದರು. ಏಕಾದಶಿಗೆ ಬಂದ ಜನ ಅದರ ಕಪ್ಪು ಹೊಳಪು ನೋಡಿ, ಕೈಮುಗಿದು, ಪವಾಡ ಎಂದು ಹೇಳಿ ಹೋಗುತ್ತಿದ್ದರು.

ಈಗಿನ ಗುರುಗಳಿಗೆ ವಯಸ್ಸಾಗಿತ್ತು. ಪವಾಡದ ಬಗ್ಗೆ ಅವರು ಏನೂ ಹೇಳುತ್ತಿರಲಿಲ್ಲ. ಭಕ್ತರು ಮನೆಯ ಹಳೆಯ ರೆಕಾರ್ಡುಗಳನ್ನು ತಂದು ಆಶ್ರಮಕ್ಕೆ ಒಪ್ಪಿಸುತ್ತಿದ್ದರು. ಅವುಗಳಲ್ಲಿ ಇಟ್ಟುಕೊಳ್ಳುವಂಥದ್ದು ಯಾವುದು, ಬಿಸಾಡುವಂಥದ್ದು ಯಾವುದು ಎಂದು ಗುರುಗಳೇ ನೋಡುತ್ತಿದ್ದರು. ಮೋಕ್ಷದ ಪ್ರಶ್ನೆಗಳಿಗಿಂತ ಈ ಕೆಲಸ ವಾಸಿ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಶಿಷ್ಯ ಫಾಲಾಕ್ಷ ಬಟ್ಟೆಯ ಗಂಟು ಹಿಡಿದು ಜಗಲಿಗೆ ಬಂದ. ಗುರುಗಳು ರೆಕಾರ್ಡುಗಳ ನಡುವೆ ಕೂತಿದ್ದರು.

"ಗಂಟು ಎಲ್ಲಿಗಯ್ಯಾ?"

"ಹೊರಟೆ, ಬುದ್ಧಿ. ಅಪ್ಪಣೆ ಕೊಡಬೇಕು."

"ಊಟ ಸರಿಯಿಲ್ಲವೋ?"

"ಊಟ ಸರಿಯಾಗಿದೆ. ನಾನು ಸರಿಯಿಲ್ಲ. ಬೆಳಗಿನ ಜಾವ ಉಪದೇಶದ ಕ್ಯಾಸೆಟ್ಟು ಹಾಕಿದ ಕೂಡಲೇ ನನಗೆ ನಿದ್ದೆ ಬರುತ್ತದೆ. ಬಂದ ದಿನದಿಂದಲೂ ಇದೇ ಪಾಡು. ಕಣ್ಣಿಗೆ ತಣ್ಣೀರು ಹಾಕಿಕೊಂಡೆ. ನಿಂತುಕೊಂಡು ಕೇಳಿದೆ. ನಿಂತೇ ಮಲಗಿದೆ. ಮೊನ್ನೆ ಬಿದ್ದು ಹಣೆ ಒಡೆಯಿತು."

"ಸಮಾಧಿ ಹತ್ತಿತು ಅಂದರಲ್ಲ ಎಲ್ಲರೂ."

"ಅದೇ ತಡೆಯಲಾಗುತ್ತಿಲ್ಲ, ಬುದ್ಧಿ. ಅಡುಗೆಯವರು ನನ್ನ ಕಾಲಿಗೆ ಬಿದ್ದರು."

ಗುರುಗಳು ಕೈಯಲ್ಲಿದ್ದ ರೆಕಾರ್ಡನ್ನು ಕೆಳಗಿಟ್ಟರು.

"ದೊಡ್ಡ ಸ್ವಾಮಿಗಳು ನಲವತ್ತು ವರ್ಷ ಕೇಳಿದರು. ನನಗೆ ನಾಲ್ಕು ನಿಮಿಷ ಆಗುವುದಿಲ್ಲ. ಇಲ್ಲಿರುವ ಯೋಗ್ಯತೆ ನನಗಿಲ್ಲ."

ಗುರುಗಳು ಉಸಿರುಬಿಟ್ಟರು. "ದೋಣಿ ಬರಲು ಹೊತ್ತಿದೆ. ಕೂತುಕೋ. ಇವೆರಡನ್ನು ನೋಡಿ ಹೇಳು."

ಒಂದು ರೆಕಾರ್ಡು ಮಿರಮಿರನೆ ಹೊಳೆಯುತ್ತಿತ್ತು. ಇನ್ನೊಂದರ ಮೇಲೆ ಬೆರಳುದ್ದದ ಗೀರು.

"ಇದು ಚೆನ್ನಾಗಿದೆ. ಅದು ಕೆಲಸಕ್ಕೆ ಬಾರದು."

ಗುರುಗಳು ಎರಡನ್ನೂ ಪಕ್ಕದ ಗ್ರಾಮಾಫೋನ್ ಯಂತ್ರಕ್ಕೆ ಹಾಕಿದರು. ಹೊಳೆಯುವುದರಲ್ಲಿ ಹಾಡಿಗಿಂತ ಎಣ್ಣೆ ಕಾಯುವ ಸದ್ದೇ ಹೆಚ್ಚು. ಗೀರು ಬಿದ್ದದ್ದು ಸ್ವಲ್ಪ ಹೊತ್ತು ಟಿಕ್ ಟಿಕ್ ಎಂದು, ಆಮೇಲೆ ಸ್ವಚ್ಛವಾಗಿ ಹಾಡಿತು.

"ಇದೇನು, ಬುದ್ಧಿ?"

"ಗೀರು ಯಾರೋ ಕೈಜಾರಿ ಮಾಡಿದ್ದು. ಒಂದು ಗಳಿಗೆಯ ಕೆಲಸ. ಸವೆತ ಹಾಗಲ್ಲ, ಕೇಳಿ ಕೇಳಿ ಆಗುವುದು. ಒರೆಸಿದರೆ ಹೊಳಪು ಬರುತ್ತದೆ, ಸವೆದದ್ದು ಬರುವುದಿಲ್ಲ. ಬೆಳಕಿಗೆ ಓರೆಯಾಗಿ ಹಿಡಿ."

ಫಾಲಾಕ್ಷ ಹೊಳೆಯುವ ರೆಕಾರ್ಡನ್ನು ಓರೆಯಾಗಿ ಹಿಡಿದ.

"ಬೂದಿ ಬಣ್ಣ ಕಾಣುತ್ತದೆ."

"ಯಂತ್ರದ ಮುಳ್ಳು ಉತ್ತ ಜಾಗ ಅದು. ಇನ್ನು ನಡುವಿನ ತೂತು ನೋಡು. ಸುತ್ತಲಿನ ಕಾಗದದ ಮೇಲೆ ಏನಿದೆ?"

"ಸಣ್ಣ ಸಣ್ಣ ಗೆರೆಗಳು. ಜೇಡರ ಬಲೆಯ ಹಾಗೆ."

"ರೆಕಾರ್ಡು ಇಡುವಾಗ, ತೆಗೆಯುವಾಗ ಬೆರಳಿನ ಉಗುರು ತಾಗುತ್ತದೆ. ಮೇಲಿನ ಕಾಗದವನ್ನು ಗೀಚುತ್ತದೆ. ಯಾವ ಬದಿಯನ್ನು ಹೆಚ್ಚು ಕೇಳಿದರೋ ಆ ಬದಿಯಲ್ಲೇ ಈ ಬೂದಿ, ಈ ಗೆರೆ. ತಂದವನು ಹೆಚ್ಚು ಹಾಕಿಲ್ಲ ಎನ್ನಬಹುದು. ರೆಕಾರ್ಡು ಎನ್ನುವುದಿಲ್ಲ."

"ಇದನ್ನೆಲ್ಲ ಕಲಿತು ನನಗೇನಾಗಬೇಕು, ಬುದ್ಧಿ? ನಾನು ಹೊರಟವನು."

"ಹೊರಟವನು ಇನ್ನೊಂದನ್ನು ನೋಡಿಕೊಟ್ಟು ಹೋಗು. ನನಗೆ ಕಣ್ಣು ಸಾಲದು."

ಗುರುಗಳು ಮಂಡಿ ಹಿಡಿದುಕೊಂಡು ಎದ್ದರು. ಒಳಗೆ ಹೋದರು. ಗಾಜಿನ ಪೆಟ್ಟಿಗೆ ತೆರೆದ ಸದ್ದಾಯಿತು. ದೊಡ್ಡ ಸ್ವಾಮಿಗಳ ರೆಕಾರ್ಡನ್ನು ಹಿಡಿದುಕೊಂಡು ಬಂದರು.

ಫಾಲಾಕ್ಷ ಎದ್ದು ನಿಂತ.

"ಕೂತುಕೋ. ಇದೂ ರೆಕಾರ್ಡೇ. ಹೇಗಿದೆ ಹೇಳು."

ಫಾಲಾಕ್ಷ ರೆಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಬೆಳಕಿಗೆ ಓರೆಯಾಗಿ ಹಿಡಿದ. ಎಲ್ಲೂ ಬೂದಿ ಬಣ್ಣವಿಲ್ಲ. ತೂತಿನ ಸುತ್ತ ಒಂದು ಗೆರೆಯೂ ಇಲ್ಲ.

"ಹೊಸದು, ಬುದ್ಧಿ. ನಲವತ್ತು ವರ್ಷ ಕೇಳಿದರೂ ಹೊಸದು. ಪವಾಡವೇ ಸರಿ."

"ಪವಾಡದ ಗುಣಮಟ್ಟ ಹೇಳಲು ನನಗೆ ಬರುವುದಿಲ್ಲ. ಮಗುಚು."

"ಅಯ್ಯೋ! ಗುರುವಾಣಿ ಬೋರಲಾಗುತ್ತದೆ."

"ಆಗಲಿ. ಅದಕ್ಕೂ ಸ್ವಲ್ಪ ವಿಶ್ರಾಂತಿ."

ಫಾಲಾಕ್ಷ ಕಣ್ಣುಮುಚ್ಚಿ ಮಗುಚಿದ. ಕಣ್ಣುಬಿಟ್ಟ.

ಅಂಚಿನಿಂದ ನಡುವಿನವರೆಗೆ ಬೂದಿ. ತೂತಿನ ಸುತ್ತ ಕಾಗದ ಗೀಚಿ ಗೀಚಿ ಎದ್ದುಬಂದಿತ್ತು. ಅಳಿದುಳಿದ ಅಕ್ಷರಗಳನ್ನು ಅವನು ಮೆಲ್ಲಗೆ ಓದಿದ.

"ಅತ್ತೆ ಸೊಸೆ ಜಗಳ. ಹಾಸ್ಯ."

ಅವನು ಇನ್ನೊಮ್ಮೆ ಓದಿಕೊಂಡ.

"ಬೇರೆ ಯಾರೋ ಹಾಕಿರಬೇಕು, ಬುದ್ಧಿ."

"ಕುಟೀರಕ್ಕೆ ಒಂದೇ ಬೀಗದ ಕೈ. ಅದು ಅವರ ಸೊಂಟದಲ್ಲಿತ್ತು."

"ತಮಗೆ ಇದು ಗೊತ್ತಿತ್ತೇ?"

"ಬೀಗದ ಕೈ ನನ್ನ ಸೊಂಟಕ್ಕೆ ಬಂದ ದಿನ ಗೊತ್ತಾಯಿತು."

"ಯಾರಿಗೂ ಹೇಳಲಿಲ್ಲವೇ?"

"ಯಾರೂ ಮಗುಚಲಿಲ್ಲ."

ಕೆಳಗೆ ದೋಣಿ ಬಂದು ನಿಂತಿತು. "ಬರೋರು ಯಾರಾದರೂ ಇದ್ದೀರೇನ್ರೀ?" ಎಂದು ಅಂಬಿಗ ಕೂಗಿದ.

ಫಾಲಾಕ್ಷ ಗಂಟಿನ ಕಡೆ ನೋಡಿದ. ಗುರುಗಳ ಕಡೆ ನೋಡಿದ.

"ಬುದ್ಧಿ, ನಾನು ಹೋಗಲೋ, ಇರಲೋ?"

ಗುರುಗಳು ರೆಕಾರ್ಡನ್ನು ತೆಗೆದುಕೊಂಡು, ಉಪದೇಶದ ಬದಿ ಮೇಲೆ ಮಾಡಿ, ಧೂಳು ಊದಿದರು.

"ದೊಡ್ಡವರು ನಲವತ್ತು ವರ್ಷ ಇಲ್ಲೇ ಇದ್ದರು. ಈ ಬದಿಯನ್ನು ಒಮ್ಮೆಯೂ ಹಾಕಲಿಲ್ಲ."